ಸೋಲಿಗೆ ಕೋಚ್ ಎಷ್ಟು ಹೊಣೆ? ಭಾರತ ಫುಟ್‌ಬಾಲ್ ತಂಡದ ಒಂದು ಲೆಕ್ಕ

2025ರ ಅಕ್ಟೋಬರ್ 14ರಂದು ಗೋವಾದ ಮಡಗಾಂವ್‌ನಲ್ಲಿ ಭಾರತ ಫುಟ್‌ಬಾಲ್ ತಂಡ ಸಿಂಗಪುರದ ಎದುರು 1–2ರಿಂದ ಸೋತಿತು. ಮೊದಲ ಗೋಲು ನಮ್ಮದೇ. 14ನೇ ನಿಮಿಷದಲ್ಲಿ ಲಾಲಿಯಂಜುವಾಲಾ ಚಾಂಗ್ಟೆ ಹೊಡೆದ ಚೆಂಡು ಬಲೆ ಸೇರಿತ್ತು. ವಿರಾಮಕ್ಕೆ ಸ್ವಲ್ಪ ಮೊದಲು ಸಿಂಗಪುರದ ಸಾಂಗ್ ಉಯಿ ಯೋಂಗ್ ಅಂತರವನ್ನು ಸಮ ಮಾಡಿದರು, 58ನೇ ನಿಮಿಷದಲ್ಲಿ ಅವರೇ ಇನ್ನೊಂದು ಗೋಲು ಹೊಡೆದರು. 2027ರ ಏಷ್ಯನ್ ಕಪ್‌ಗೆ ಹೋಗುವ ಭಾರತದ ಆಸೆ ಅಲ್ಲಿಗೆ ಮುಗಿಯಿತು. ಒಂದು ತಿಂಗಳ ಬಳಿಕ ಢಾಕಾದಲ್ಲಿ ಬಾಂಗ್ಲಾದೇಶ ನಮ್ಮನ್ನು 1–0ಯಿಂದ ಸೋಲಿಸಿತು. 2003ರ ನಂತರ ಆ ತಂಡ ಭಾರತವನ್ನು ಸೋಲಿಸಿದ್ದು ಅದೇ ಮೊದಲು. 2023ರ ಜುಲೈಯಲ್ಲಿ ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನದಲ್ಲಿದ್ದ ಭಾರತ 2025ರ ನವೆಂಬರ್ ವೇಳೆಗೆ 142ಕ್ಕೆ ಇಳಿಯಿತು.

ಈ ಇಳಿಜಾರಿನ ಹಾದಿಯಲ್ಲಿ ಮೂವರು ಮುಖ್ಯ ಕೋಚ್‌ಗಳು ಬಂದರು. ಕ್ರೊಯೇಷ್ಯಾದ ಇಗೊರ್ ಸ್ಟಿಮ್ಯಾಚ್ ಅವರನ್ನು 2024ರ ಜೂನ್‌ನಲ್ಲಿ ತೆಗೆದುಹಾಕಲಾಯಿತು. ಸ್ಪೇನ್‌ನ ಮನೋಲೊ ಮಾರ್ಕೆಜ್ 2025ರ ಜುಲೈ ಆರಂಭದಲ್ಲಿ ಪರಸ್ಪರ ಒಪ್ಪಿಗೆಯ ಮೇಲೆ ಹೊರನಡೆದರು. ಆಗಸ್ಟ್ 1ರಂದು ಖಾಲಿದ್ ಜಮೀಲ್ ನೇಮಕಗೊಂಡರು. ಪ್ರತಿ ಸೋಲಿನ ಮರುದಿನ ಅಭಿಮಾನಿಗಳ ನಡುವೆ ಅದೇ ಜಗಳ ಮರುಕಳಿಸುತ್ತದೆ. ಕೋಚ್‌ಗೆ ತಂಡ ಕಟ್ಟಲು ಬರುವುದಿಲ್ಲ, ಮೊದಲು ಅವರನ್ನು ಕಳುಹಿಸಿ ಎಂದು ಕೆಲವರು ಹೇಳುತ್ತಾರೆ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ರೋಗ ಇರುವುದು ಲೀಗ್‌ನಲ್ಲಿ, ಫೆಡರೇಷನ್‌ನಲ್ಲಿ ಎಂದು ಇನ್ನು ಕೆಲವರು ಹೇಳುತ್ತಾರೆ.

ಫುಟ್‌ಬಾಲ್ ಅನ್ನು ದಿನವೂ ಹಿಂಬಾಲಿಸದ ಓದುಗರಿಗೆ ಈ ವಾದದಲ್ಲಿ ಯಾರ ಮಾತು ಸರಿ ಎಂದು ತಿಳಿಯುವುದು ಕಷ್ಟ. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಎಷ್ಟು ನಿಜವೆಂಬುದನ್ನು ಪಂದ್ಯದಿಂದ ಪಂದ್ಯಕ್ಕೆ ಬೇರೆಬೇರೆಯಾಗಿ ಅಳೆಯಬೇಕಾಗುತ್ತದೆ. ಕೋಚ್ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಿದ್ದರೆ ಅದು ಅಷ್ಟೇನೂ ಕಷ್ಟವಲ್ಲ.

ಕ್ಲಬ್ ಕೋಚ್ ಬೇರೆ, ರಾಷ್ಟ್ರೀಯ ತಂಡದ ಕೋಚ್ ಬೇರೆ

ಬೆಂಗಳೂರು ಎಫ್‌ಸಿಯಂಥ ಕ್ಲಬ್‌ನ ಮುಖ್ಯ ಕೋಚ್ ಆಟಗಾರರನ್ನು ಹೆಚ್ಚು ಕಡಿಮೆ ದಿನವೂ ನೋಡುತ್ತಾರೆ. ಋತು ಆರಂಭಕ್ಕೆ ಮುನ್ನವೇ ಶಿಬಿರ ನಡೆಯುತ್ತದೆ, ನಂತರ ತಿಂಗಳುಗಟ್ಟಲೆ ಅಭ್ಯಾಸವಿರುತ್ತದೆ. ಎಡಗಡೆ ಆಡುವ ಡಿಫೆಂಡರ್ ದುರ್ಬಲ ಎನಿಸಿದರೆ ಹೊಸಬನನ್ನು ಖರೀದಿಸುವಂತೆ ಆಡಳಿತವನ್ನು ಕೇಳಬಹುದು, ವಿದೇಶದಿಂದ ಸ್ಟ್ರೈಕರ್ ಬೇಕೆಂದರೆ ಅದನ್ನೂ ಕೇಳಬಹುದು.

ರಾಷ್ಟ್ರೀಯ ತಂಡದ ಕೋಚ್‌ಗೆ ಈ ಅನುಕೂಲಗಳಿಲ್ಲ. ಆಟಗಾರರಿಗೆ ಸಂಬಳ ಕೊಡುವುದು ಕ್ಲಬ್, ವರ್ಷವಿಡೀ ಅವರನ್ನು ಆಡಿಸುವುದೂ ಕ್ಲಬ್. ಫಿಫಾ ನಿಗದಿ ಮಾಡಿದ ದಿನಗಳಲ್ಲಿ ಮಾತ್ರ ಕ್ಲಬ್‌ಗಳು ಆಟಗಾರರನ್ನು ಕಡ್ಡಾಯವಾಗಿ ಬಿಟ್ಟುಕೊಡಬೇಕು. ಇದನ್ನು ‘ಫಿಫಾ ವಿಂಡೊ’ ಎನ್ನುತ್ತಾರೆ. ಈ ಕೋಚ್‌ಗಳ ಕಾಲದ ಪದ್ಧತಿಯಲ್ಲಿ ಇಂಥ ವಿಂಡೊ ವರ್ಷಕ್ಕೆ ಐದು ಬಾರಿ ಬರುತ್ತಿತ್ತು, ಪ್ರತಿ ಬಾರಿ ಸುಮಾರು ಒಂಬತ್ತು–ಹತ್ತು ದಿನ. ಆ ದಿನಗಳಲ್ಲೇ ಎರಡು ಪಂದ್ಯ ಮುಗಿಯಬೇಕು. ಪ್ರಯಾಣ, ವಿಶ್ರಾಂತಿ ಕಳೆದರೆ ಒಟ್ಟಾಗಿ ಅಭ್ಯಾಸ ಮಾಡಲು ಉಳಿಯುವುದು ಕೆಲವೇ ದಿನ. ಅದಕ್ಕಿಂತ ಹೆಚ್ಚು ಬೇಕೆಂದರೆ ಫೆಡರೇಷನ್ ಕ್ಲಬ್‌ಗಳನ್ನು ಒಪ್ಪಿಸಬೇಕು.

ಮದುವೆಮನೆಗೆ ಬರುವ ಅಡುಗೆ ಭಟ್ಟರನ್ನು ನೆನೆಯಿರಿ. ತರಕಾರಿ, ಬೇಳೆ, ತುಪ್ಪ ತಂದಿಡುವುದು ಮದುವೆಯವರು. ಸಾರಿಗೆ ಉಪ್ಪು ಹೆಚ್ಚಾದರೆ ಭಟ್ಟರನ್ನು ಕೇಳಬೇಕು. ತಂದಿಟ್ಟ ಬದನೆಕಾಯಿಯೇ ಹುಳುಕಾಗಿದ್ದರೆ ಭಟ್ಟರನ್ನು ಕೇಳಿ ಪ್ರಯೋಜನವಿಲ್ಲ. ರಾಷ್ಟ್ರೀಯ ತಂಡದ ಕೋಚ್‌ನ ಸ್ಥಾನ ಹೆಚ್ಚು ಕಡಿಮೆ ಇದೇ.

ಮನೋಲೊ ಮಾರ್ಕೆಜ್ ಅವರ 2024–25ರ ಸಾಲು ಈ ಅಂತರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಆ ಋತುವಿನಲ್ಲಿ ಅವರು ಎಫ್‌ಸಿ ಗೋವಾ ಮತ್ತು ಭಾರತ ತಂಡ ಎರಡಕ್ಕೂ ಕೋಚ್ ಆಗಿದ್ದರು. ಗೋವಾ ತಂಡ ದೇಶದ ಅಗ್ರ ಕ್ಲಬ್ ಟೂರ್ನಿಯಾದ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಲೀಗ್ ಹಂತದಲ್ಲಿ ಎರಡನೇ ಸ್ಥಾನ ಪಡೆಯಿತು, ಮೇ ತಿಂಗಳಲ್ಲಿ ಸೂಪರ್ ಕಪ್ ಗೆದ್ದಿತು. ಅದೇ ಮನುಷ್ಯನ ಕೈಕೆಳಗೆ ಭಾರತ ಆಡಿದ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದು, ಡ್ರಾ ನಾಲ್ಕು, ಸೋಲು ಮೂರು. ಗೆದ್ದ ಆ ಒಂದು ಪಂದ್ಯವೂ ಮಾಲ್ಡೀವ್ಸ್ ಎದುರಿನದು. ಗೋವಾದಲ್ಲಿ ಗೊತ್ತಿದ್ದ ಕಸುಬು ಭಾರತ ತಂಡ ಆಡಿದ ಶಿಲ್ಲಾಂಗ್‌ನಲ್ಲಿ ಅವರಿಗೆ ಮರೆತುಹೋಗಿರಲು ಸಾಧ್ಯವಿಲ್ಲ. ಕೈಗೆ ಸಿಕ್ಕ ದಿನಗಳು ಮತ್ತು ಆಟಗಾರರು ಬೇರೆಯಾಗಿದ್ದರು.

ಕೋಚ್ ಕೈಯಲ್ಲಿ ಇರುವುದು

ಹಾಗೆಂದು ಕೋಚ್‌ನನ್ನು ಪೂರ್ತಿ ಬಿಟ್ಟುಬಿಡಲಾಗುವುದಿಲ್ಲ. ಯಾವ 23 ಮಂದಿಯನ್ನು ಕರೆಯಬೇಕು, ಅವರಲ್ಲಿ ಯಾವ ಹನ್ನೊಂದು ಮಂದಿ ಕಣಕ್ಕಿಳಿಯಬೇಕು ಎಂಬುದು ಅವರ ತೀರ್ಮಾನ. ಎದುರಾಳಿಯ ಹಳೆಯ ಪಂದ್ಯಗಳನ್ನು ನೋಡಿ, ಅವರ ಬಲ ಎಲ್ಲಿದೆ, ಬಿರುಕು ಎಲ್ಲಿದೆ ಎಂದು ಹುಡುಕುವುದು ಅವರ ಮತ್ತು ಸಹಾಯಕರ ಕೆಲಸ. ಚೆಂಡು ಕೈತಪ್ಪಿದಾಗ ಮುಂದೆ ನುಗ್ಗಿ ಒತ್ತಡ ಹಾಕಬೇಕೋ, ಹಿಂದೆ ಸರಿದು ಗೋಡೆ ಕಟ್ಟಬೇಕೋ ಎಂದು ಹೇಳಿಕೊಡುವುದೂ ಅವರೇ. ಪಂದ್ಯ ನಡೆಯುತ್ತಿರುವಾಗ ಯೋಜನೆ ಕೆಲಸ ಮಾಡುತ್ತಿಲ್ಲ ಎಂದು ಕಂಡರೆ ಅದನ್ನು ಬದಲಿಸಬೇಕು, ಸರಿಯಾದ ಹೊತ್ತಿಗೆ ಬದಲಿ ಆಟಗಾರರನ್ನು ಇಳಿಸಬೇಕು.

ಈ ಕೆಲಸಗಳಿಂದ ಎಷ್ಟು ವ್ಯತ್ಯಾಸವಾಗಬಹುದು ಎನ್ನುವುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆಯಿದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದರು. ಅವರನ್ನು ಹೊರಗೆ ಕೂರಿಸುವ ಬದಲು ರಹೀಮ್ ಮುಂಚೂಣಿಯಲ್ಲಿ ಆಡಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ದಕ್ಷಿಣ ಕೊರಿಯಾದ ಎದುರು ಭಾರತ 2–1ರಿಂದ ಗೆದ್ದಿತು. ರಕ್ಷಣಾ ಆಟಗಾರನೊಬ್ಬ ಗೋಲು ಹೊಡೆಯಬಲ್ಲ ಎಂದು ಗುರುತಿಸುವ ಕಣ್ಣು ಕೋಚ್‌ನದು. ಅಂಥ ಗೆಲುವಿನಲ್ಲಿ ಅವರ ಪಾಲು ಇದೆಯೆನ್ನುವುದಾದರೆ, ಸೋಲಿನಲ್ಲೂ ಪಾಲು ಇರಲೇಬೇಕು.

ಇತ್ತೀಚಿನ ಉದಾಹರಣೆ ನೋಯಿಸುವಂಥದ್ದು, ಅದರಲ್ಲೂ ಬೆಂಗಳೂರಿನವರಿಗೆ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಎದುರು ವಿಶ್ವಕಪ್ ಅರ್ಹತಾ ಪಂದ್ಯ. ಸುನಿಲ್ ಚೆಟ್ರಿ ಅವರಿಗೆ ಅದು 150ನೇ ಅಂತರರಾಷ್ಟ್ರೀಯ ಪಂದ್ಯ. 38ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದು ಅವರು ಮುನ್ನಡೆ ತಂದುಕೊಟ್ಟರು. ಅಫ್ಗಾನಿಸ್ತಾನದ ಹಲವು ಪ್ರಮುಖ ಆಟಗಾರರು ತಮ್ಮ ಫೆಡರೇಷನ್ ಮೇಲಿನ ಸಿಟ್ಟಿನಿಂದ ಆಗ ತಂಡವನ್ನೇ ಬಹಿಷ್ಕರಿಸಿದ್ದರು. ಆದರೂ 70ನೇ ನಿಮಿಷದಲ್ಲಿ ಆ ತಂಡ ಸಮ ಮಾಡಿತು, 88ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಗೆದ್ದಿತು. ಅಫ್ಗಾನಿಸ್ತಾನದ ಕೋಚ್ ಆಗಿದ್ದವರು ಆಶ್ಲೆ ವೆಸ್ಟ್‌ವುಡ್, ಬೆಂಗಳೂರು ಎಫ್‌ಸಿಯ ಮೊದಲ ಕೋಚ್, ಆಗಿನ ರಾಷ್ಟ್ರೀಯ ಲೀಗ್ ಆದ ಐ–ಲೀಗ್‌ನ ಎರಡು ಪ್ರಶಸ್ತಿ ತಂದುಕೊಟ್ಟವರು. 2025ರ ಜೂನ್‌ನಲ್ಲಿ ಭಾರತವನ್ನು ಸೋಲಿಸಿದ ಹಾಂಗ್‌ಕಾಂಗ್ ತಂಡದ ಕೋಚ್ ಕೂಡ ಅವರೇ. ಬೆಂಗಳೂರಿನಲ್ಲಿದ್ದ ವರ್ಷಗಳಲ್ಲಿ ಭಾರತೀಯ ಆಟಗಾರರನ್ನು ಹತ್ತಿರದಿಂದ ಅರಿತಿದ್ದ ಒಬ್ಬರು, ಎರಡು ಬೇರೆ ದೇಶಗಳ ತಂಡ ಹಿಡಿದು, ಇಬ್ಬರು ಬೇರೆ ಕೋಚ್‌ಗಳ ಭಾರತವನ್ನು ಸೋಲಿಸಿದರು. ಎದುರಾಳಿಯನ್ನು ಓದುವುದು ಕೋಚ್‌ನ ಕೆಲಸವೆಂದರೆ ಇದೇ. ಕೋಚ್ ಯಾರಾದರೇನು ಎನ್ನುವವರು ಈ ಎರಡು ಪಂದ್ಯಗಳನ್ನು ಮರೆಯುವಂತಿಲ್ಲ.

ಇದಕ್ಕೆ ತುಸು ವಿಚಿತ್ರವಾದ ಇನ್ನೊಂದು ಮುಖವನ್ನು ನಾವು ಕಂಠೀರವ ಕ್ರೀಡಾಂಗಣದಲ್ಲೇ ಕಂಡಿದ್ದೇವೆ. 2023ರ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಸ್ಟಿಮ್ಯಾಚ್ ಎರಡು ಬಾರಿ ಕೆಂಪು ಕಾರ್ಡ್ ಪಡೆದರು. ಒಂದು ಪಾಕಿಸ್ತಾನದ ಎದುರು, ಥ್ರೋ ಮಾಡಲು ಹೊರಟ ಆಟಗಾರನ ಕೈಯಿಂದ ಚೆಂಡು ಕಸಿದದ್ದಕ್ಕೆ. ಇನ್ನೊಂದು ಕುವೈತ್ ಎದುರು. ನಿಷೇಧದಿಂದಾಗಿ ಸೆಮಿಫೈನಲ್ ಮತ್ತು ಫೈನಲ್‌ನಲ್ಲಿ ಅವರು ಬೆಂಚಿನ ಬಳಿ ಇರುವಂತಿರಲಿಲ್ಲ, ಸಹಾಯಕ ಮಹೇಶ್ ಗವಳಿ ನಿಂತು ತಂಡ ನಡೆಸಿದರು. ಲೆಬನಾನ್ ಮತ್ತು ಕುವೈತ್ ಎರಡರ ಎದುರೂ ಭಾರತ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದು ಕಪ್ ಎತ್ತಿತು. ಟಿವಿಯಲ್ಲಿ ನಮಗೆ ಕಾಣುವುದು ಗೆರೆಯಂಚಿನಲ್ಲಿ ಕೈಬೀಸಿ ಕೂಗುವ ಕೋಚ್. ಅವರ ಕೆಲಸದ ಬಹುಭಾಗ ಪಂದ್ಯದ ದಿನಕ್ಕೆ ಮೊದಲೇ ಮುಗಿದಿರುತ್ತದೆ.

ಕೈಯಲ್ಲಿ ಇಲ್ಲದ್ದು

2023ರ ಸೆಪ್ಟೆಂಬರ್ 19ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚೀನಾದ ಎದುರು 1–5ರಿಂದ ಸೋತಿತು. ತಂಡ ಅಲ್ಲಿಗೆ ತಲುಪಿದ್ದು ಹಿಂದಿನ ಸಂಜೆ. ಒಟ್ಟಾಗಿ ಅಭ್ಯಾಸವೇ ಆಗಿರಲಿಲ್ಲ. ಆ ಕೂಟ ಫಿಫಾ ವಿಂಡೊದಲ್ಲಿ ಇರದ ಕಾರಣ ಕ್ಲಬ್‌ಗಳು ಆಟಗಾರರನ್ನು ಕೊಡಲು ಹಿಂದೆಮುಂದೆ ನೋಡಿದವು, ಲೀಗ್‌ನ ಹೊಸ ಋತುವೂ ಅದೇ ವಾರ ಆರಂಭವಾಗುವುದಿತ್ತು. ಕೊನೆಗಳಿಗೆಯಲ್ಲಿ ಕೂಡಿಸಿದ ತಂಡ ವಿಮಾನ ಹತ್ತಿತು. ಆ ಐದು ಗೋಲುಗಳ ಹೊಣೆಯನ್ನು ಕೋಚ್ ಮೇಲೆ ಹೊರಿಸುವುದು ಅನ್ಯಾಯ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಲೀಗ್ ಮತ್ತು ರಾಷ್ಟ್ರೀಯ ತಂಡದ ವೇಳಾಪಟ್ಟಿಗಳನ್ನು ಹೊಂದಿಸುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಕೆಲಸ.

ಇದಕ್ಕಿಂತ ಆಳವಾದ ತೊಂದರೆ ಗೋಲು ಹೊಡೆಯುವವರದು. ಸುನಿಲ್ ಚೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ನಿವೃತ್ತರಾದರು. ಒಂಬತ್ತು ತಿಂಗಳ ಬಳಿಕ, 40ನೇ ವಯಸ್ಸಿನಲ್ಲಿ, ಅವರನ್ನೇ ಮತ್ತೆ ಕರೆತರಬೇಕಾಯಿತು. ಕರೆತಂದದ್ದಕ್ಕೆ ಕೋಚ್‌ನನ್ನು ಹಲವರು ಹಳಿದರು. ಆದರೆ 2024–25ರ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಆ 40ರ ಚೆಟ್ರಿಯೇ, 14 ಗೋಲು. ಒಟ್ಟಾರೆ ಅಗ್ರಸ್ಥಾನದಲ್ಲಿದ್ದವರು ಮೊರಾಕ್ಕೊದ ಅಲಾದ್ದೀನ್ ಅಜಾರೈ, 23 ಗೋಲು.

ಯಾಕೆ ಹೀಗೆ? ಐಎಸ್‌ಎಲ್ ನಿಯಮದಂತೆ ಒಂದು ತಂಡ ಒಂದೇ ಹೊತ್ತಿಗೆ ನಾಲ್ವರು ವಿದೇಶಿಯರನ್ನು ಮೈದಾನದಲ್ಲಿ ಆಡಿಸಬಹುದಿತ್ತು. ಹಣ ಕೊಟ್ಟು ಹೊರಗಿನವರನ್ನು ತರುವ ಕ್ಲಬ್ ಮೊದಲು ತುಂಬಿಸಿಕೊಳ್ಳುವುದು ಗೋಲು ಹೊಡೆಯುವ ಜಾಗವನ್ನು, ಅದರ ಹಿಂದೆ ಆಟ ಕಟ್ಟುವ ಜಾಗವನ್ನು. ಕ್ಲಬ್‌ನ ದೃಷ್ಟಿಯಿಂದ ಅದು ತಪ್ಪಲ್ಲ, ಗೆಲ್ಲಬೇಕಾದವರು ಹಾಗೆಯೇ ಮಾಡುತ್ತಾರೆ. ಆದರೆ ಅದರ ಪರಿಣಾಮವಾಗಿ ಭಾರತೀಯ ಹುಡುಗ ಸ್ಟ್ರೈಕರ್ ಆಗಿ ಬೆಳೆದಿದ್ದರೂ ಕ್ಲಬ್‌ನಲ್ಲಿ ಮೈದಾನದ ಅಂಚಿನ (ವಿಂಗ್) ಕಡೆಗೆ ಸರಿಯುತ್ತಾನೆ, ಇಲ್ಲವೇ ಬೆಂಚಿನಲ್ಲಿ ಕೂರುತ್ತಾನೆ. ವರ್ಷವಿಡೀ ಗೋಲಿನ ಎದುರು ನಿಲ್ಲದವನು ಫಿಫಾ ವಿಂಡೊದ ಹತ್ತು ದಿನಗಳಲ್ಲಿ ಬಂದು ದೇಶಕ್ಕಾಗಿ ಗೋಲು ಹೊಡೆಯಬೇಕೆಂದು ನಾವು ಬಯಸುತ್ತೇವೆ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಭಾರತ ಮೂರು ಪಂದ್ಯ ಆಡಿ ಒಂದೂ ಗೋಲು ಹೊಡೆಯದೆ ಮರಳಿತು. ಆ ಇಡೀ ವರ್ಷ ಆಡಿದ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಅಷ್ಟರಲ್ಲಿ ಕೋಚ್ ಬದಲಾಗಿದ್ದರು, ಫಲಿತಾಂಶ ಬದಲಾಗಿರಲಿಲ್ಲ.

ಯಾರನ್ನು ಆಡಿಸಬಹುದು ಎಂಬ ಮಿತಿಯೂ ಇದೆ. ಬಾಂಗ್ಲಾದೇಶ ಇಂಗ್ಲೆಂಡ್‌ನಲ್ಲಿ ಹುಟ್ಟಿ ಬೆಳೆದ ಹಮ್ಜಾ ಚೌಧುರಿಯನ್ನು ತಂಡಕ್ಕೆ ತಂದಿತು, ಪ್ರೀಮಿಯರ್ ಲೀಗ್ ಕಂಡ ಅವರು 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಭಾರತದ ಎದುರೇ ಮೊದಲ ಪಂದ್ಯ ಆಡಿದರು. ಹಾಂಗ್‌ಕಾಂಗ್, ಸಿಂಗಪುರ ತಂಡಗಳಲ್ಲೂ ಹೊರಗೆ ಹುಟ್ಟಿ ಅಲ್ಲಿನವರಾದ ಆಟಗಾರರಿದ್ದಾರೆ. ಮಡಗಾಂವ್‌ನಲ್ಲಿ ಎರಡು ಗೋಲು ಹೊಡೆದ ಸಾಂಗ್ ಹುಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ. ಭಾರತದಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿಲ್ಲ. ವಿದೇಶದಲ್ಲಿರುವ ಭಾರತೀಯ ಮೂಲದ ಆಟಗಾರ ನಮ್ಮ ಪರ ಆಡಬೇಕೆಂದರೆ ತನ್ನ ದೇಶದ ಪಾಸ್‌ಪೋರ್ಟ್ ಬಿಡಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದರು. ಅಂಥ ತ್ಯಾಗಕ್ಕೆ ಸಿದ್ಧರಾಗುವವರು ಬಹಳ ಕಡಿಮೆ, ಅದನ್ನು ಯಾರಿಂದಲೂ ಒತ್ತಾಯಿಸಿ ಪಡೆಯಲಾಗುವುದಿಲ್ಲ.

ಇದರ ಮೇಲೆ 2025ರ ಜುಲೈಯಲ್ಲಿ ಲೀಗ್ ನಡೆಸುವ ಹಕ್ಕಿನ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್‌ನ ಹೊಸ ಋತುವನ್ನೇ ತಡೆಹಿಡಿಯಲಾಯಿತು. ಸಿಂಗಪುರದ ಎದುರಿನ ಎರಡು ನಿರ್ಣಾಯಕ ಪಂದ್ಯಗಳಿಗೆ ಖಾಲಿದ್ ಜಮೀಲ್ ಸಿದ್ಧತೆ ನಡೆಸಿದ್ದು ಈ ಅನಿಶ್ಚಯದ ನಡುವೆಯೇ.

ಒಂದೇ ಗೋಲು ಎಲ್ಲವನ್ನೂ ಬದಲಿಸುವ ಆಟ

ಕ್ರಿಕೆಟ್‌ನಲ್ಲಿ ಒಂದು ಇನಿಂಗ್ಸ್‌ಗೆ ನೂರಾರು ರನ್ ಬರುತ್ತವೆ. ಒಂದು ಕ್ಯಾಚ್ ಕೈಬಿಟ್ಟರೂ ಸರಿಪಡಿಸಿಕೊಳ್ಳಲು ಅವಕಾಶ ಇರುತ್ತದೆ. ಫುಟ್‌ಬಾಲ್‌ನಲ್ಲಿ ಇಡೀ ಪಂದ್ಯಕ್ಕೆ ಎರಡೂ ತಂಡಗಳು ಸೇರಿ ಹೊಡೆಯುವುದು ಸರಾಸರಿ ಎರಡೂವರೆಯಿಂದ ಮೂರು ಗೋಲು. ಹೀಗಾಗಿ ಒಂದು ತಪ್ಪು ಕಾಲ್ಚಳಕ, ರೆಫರಿಯ ಒಂದು ತೀರ್ಪು ಇಡೀ ಪಂದ್ಯದ ಕಥೆಯನ್ನೇ ತಿರುಗಿಸುತ್ತದೆ.

2024ರ ಜೂನ್ 11ರಂದು ದೋಹಾದಲ್ಲಿ ಭಾರತ ಕತಾರ್ ಎದುರು 1–0ಯಿಂದ ಮುಂದಿತ್ತು. ಚೆಂಡು ಗೋಲ್‌ಲೈನ್ ದಾಟಿ ಹೊರಗೆ ಹೋಗಿದ್ದನ್ನು ಭಾರತದ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಕಂಡರು, ಭಾರತದ ಆಟಗಾರರು ನಿಂತರು. ಕತಾರ್ ಆಟಗಾರ ಅದನ್ನು ಒಳಗೆಳೆದ, ಇನ್ನೊಬ್ಬ ಹೊಡೆದ, ರೆಫರಿ ಗೋಲು ಕೊಟ್ಟರು. ವಿಡಿಯೊ ಪರಿಶೀಲನೆ ಆ ಪಂದ್ಯಕ್ಕೆ ಇರಲಿಲ್ಲ. ಬಳಿಕ ಕತಾರ್ ಇನ್ನೊಂದು ಗೋಲು ಹೊಡೆದು ಗೆದ್ದಿತು, ಭಾರತ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೆ ಹೋಗಲಿಲ್ಲ. ಆರು ದಿನಗಳಲ್ಲಿ ಸ್ಟಿಮ್ಯಾಚ್ ಕೆಲಸ ಕಳೆದುಕೊಂಡರು. ಆ ಒಂದು ಗೋಲಿನ ಮಟ್ಟಿಗೆ ಅವರ ತಪ್ಪು ಏನೂ ಇಲ್ಲ. ಆದರೆ ಗುವಾಹಟಿಯಲ್ಲಿ ಗೆದ್ದಿದ್ದರೆ ದೋಹಾದ ಫಲಿತಾಂಶಕ್ಕಾಗಿ ಅಷ್ಟು ಕಾತರಪಡಬೇಕಾದ ಸ್ಥಿತಿಯೇ ಬರುತ್ತಿರಲಿಲ್ಲ.

ಅದೃಷ್ಟವನ್ನೂ ಸಾಮರ್ಥ್ಯವನ್ನೂ ಬೇರ್ಪಡಿಸಲು ವಿಶ್ಲೇಷಕರು ‘ನಿರೀಕ್ಷಿತ ಗೋಲು’ ಎಂಬ ಅಳತೆ ಬಳಸುತ್ತಾರೆ. ಟಿವಿಯಲ್ಲಿ ಇದು ‘ಎಕ್ಸ್‌ಜಿ’ ಎಂದು ಬರುತ್ತದೆ. ಇದೇ ಜಾಗದಿಂದ, ಇದೇ ಬಗೆಯಲ್ಲಿ ಹಿಂದೆ ಹೊಡೆದ ಸಾವಿರಾರು ಹೊಡೆತಗಳಲ್ಲಿ ಎಷ್ಟು ಗೋಲಾಗಿವೆ ಎಂದು ನೋಡಿ, ಪ್ರತಿ ಹೊಡೆತಕ್ಕೆ ಸೊನ್ನೆಯಿಂದ ಒಂದರ ನಡುವೆ ಅಂಕ ಕೊಡುತ್ತಾರೆ. ಪೆನಾಲ್ಟಿಯಾದರೆ ಹತ್ತಿರಹತ್ತಿರ ನಾಲ್ಕರಲ್ಲಿ ಮೂರು ಭಾಗ, ಅಂದರೆ 0.75ರ ಆಸುಪಾಸು. ತೀರಾ ದೂರದಿಂದ ಹೊಡೆದರೆ ನೂರಕ್ಕೆ ಕೆಲವೇ ಕೆಲವು. ಪಂದ್ಯದ ಎಲ್ಲ ಹೊಡೆತಗಳ ಅಂಕ ಕೂಡಿಸಿದರೆ ಆ ತಂಡಕ್ಕೆ ಸಿಕ್ಕ ಅವಕಾಶಗಳ ಗುಣ ತಿಳಿಯುತ್ತದೆ.

ಈ ಅಳತೆ ಕೋಚ್ ಕುರಿತ ವಾದಕ್ಕೆ ನೇರವಾಗಿ ಉಪಯೋಗವಾಗುತ್ತದೆ. ಹಾಂಗ್‌ಕಾಂಗ್‌ನಲ್ಲಿ ಮೊದಲಾರ್ಧದಲ್ಲಿ ಆಶಿಕ್ ಕುರುಣಿಯನ್ ಅವರಿಗೆ ಗೋಲಿನ ಎದುರಲ್ಲೇ ಅವಕಾಶ ಸಿಕ್ಕಿತು, ಹೊಡೆತ ಹೊರಗೆ ಹೋಯಿತು. ಹೆಚ್ಚುವರಿ ಸಮಯದಲ್ಲಿ ಗೋಲ್‌ಕೀಪರ್ ವಿಶಾಲ್ ಕೈತ್ ಎದುರಾಳಿಗೆ ಡಿಕ್ಕಿ ಹೊಡೆದು ಪೆನಾಲ್ಟಿ ಬಿಟ್ಟುಕೊಟ್ಟರು, ಅದರಿಂದಲೇ ಸೋಲು. ಕುರುಣಿಯನ್‌ಗೆ ಆ ಅವಕಾಶ ಸಿಗುವಂತೆ ಮಾಡುವವರೆಗೆ ಯೋಜನೆ ಕೆಲಸ ಮಾಡಿದೆ, ಕೊನೆಯ ಹೊಡೆತ ಆಟಗಾರನದು. ತಂಡ ಒಳ್ಳೆಯ ಅವಕಾಶಗಳನ್ನು ಸೃಷ್ಟಿಸಿಯೂ ಸೋಲುತ್ತಿದ್ದರೆ ಕೋಚ್‌ಗೆ ಕಾಲಾವಕಾಶ ಕೊಡುವುದು ವಿವೇಕ. ಪಂದ್ಯದ ಮೇಲೆ ಪಂದ್ಯ ಅವಕಾಶವೇ ಹುಟ್ಟದಿದ್ದರೆ, ಅಥವಾ ಒಂದೇ ಬಗೆಯ ಗೋಲನ್ನು ಮತ್ತೆ ಮತ್ತೆ ಬಿಟ್ಟುಕೊಡುತ್ತಿದ್ದರೆ, ಆಗ ಪ್ರಶ್ನೆ ಕೋಚ್ ಕಡೆಗೇ ತಿರುಗಬೇಕು.

ಕೋಚ್ ಬದಲಾದರೆ ತಂಡ ಸುಧಾರಿಸುತ್ತದೆಯೇ?

ಹೊಸ ಕೋಚ್ ಬಂದ ಕೂಡಲೇ ಒಂದೆರಡು ಗೆಲುವು ಬರುವುದನ್ನು ನಾವೆಲ್ಲ ನೋಡಿದ್ದೇವೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ಡಚ್ ಲೀಗ್‌ನ ಫಲಿತಾಂಶಗಳನ್ನು ಪರಿಶೀಲಿಸಿದರು. ಕೋಚ್‌ನನ್ನು ತೆಗೆದ ತಂಡಗಳು ಚೇತರಿಸಿಕೊಂಡಿದ್ದವು. ಆದರೆ ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದರೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಹಾಗೆಯೇ ಚೇತರಿಸಿಕೊಂಡಿದ್ದವು. ಕಾರಣ ಸರಳ. ಕೋಚ್‌ನನ್ನು ತೆಗೆಯುವುದು ತಂಡ ತನ್ನ ಮಾಮೂಲಿ ಮಟ್ಟಕ್ಕಿಂತ ಕೆಳಗೆ ಆಡುತ್ತಿರುವಾಗ. ಅಲ್ಲಿಂದ ಬಹುಪಾಲು ತಂಡಗಳು ತಮ್ಮ ಮಟ್ಟಕ್ಕೆ ಹೇಗೂ ಮರಳುತ್ತವೆ, ಆ ಹೊತ್ತಿಗೆ ಬೆಂಚಿನಲ್ಲಿ ಇದ್ದವರಿಗೆ ಹೆಸರು ಬರುತ್ತದೆ.

ಬೆಂಗಳೂರು ಎಫ್‌ಸಿಯ 2022–23ರ ಋತು ಇದಕ್ಕೆ ಹೇಳಿ ಮಾಡಿಸಿದ ಸಾಕ್ಷಿ. ಸೈಮನ್ ಗ್ರೇಸನ್ ಕೋಚ್ ಆಗಿ ಬಂದ ಕೂಡಲೇ ಡ್ಯುರಾಂಡ್ ಕಪ್ ಗೆದ್ದುಕೊಟ್ಟಿದ್ದರು. ಐಎಸ್‌ಎಲ್ ಆರಂಭವಾದ ಮೇಲೆ ಸೋಲಿನ ಸರಣಿ ಶುರುವಾಯಿತು, ತಂಡ ಪಟ್ಟಿಯ ಕೆಳಗಿನ ಅರ್ಧಕ್ಕೆ ಜಾರಿತು. ಆಡಳಿತ ಅವರನ್ನು ಉಳಿಸಿಕೊಂಡಿತು. ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ತಂಡ ನಾಲ್ಕನೇ ಸ್ಥಾನಕ್ಕೆ ಏರಿತು, ಫೈನಲ್ ತಲುಪಿತು, ಪೆನಾಲ್ಟಿ ಶೂಟೌಟ್‌ನಲ್ಲಿ ಮಾತ್ರ ಸೋತಿತು. ಅದೇ ಗ್ರೇಸನ್ ಅವರನ್ನು ಮುಂದಿನ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಮುಂಬೈ ಸಿಟಿ ಎದುರು 0–4ರಿಂದ ಸೋತ ಬೆನ್ನಿಗೆ ತೆಗೆಯಲಾಯಿತು. ಮೊದಲ ಬಾರಿ ಕಾದದ್ದು ಫಲ ಕೊಟ್ಟಿತು, ಎರಡನೇ ಬಾರಿ ಕಾಯುವ ತಾಳ್ಮೆ ಉಳಿಯಲಿಲ್ಲ.

ಬದಲಾವಣೆ ಎಂದೂ ಫಲಿಸುವುದಿಲ್ಲವೆಂದೇನೂ ಅಲ್ಲ. ಭಾರತದ ಗುಂಪಿನಲ್ಲೇ ಇದ್ದ ಸಿಂಗಪುರ, ಅರ್ಹತಾ ಸುತ್ತಿನ ನಡುವೆಯೇ ಕೋಚ್ ರಾಜೀನಾಮೆ ಕೊಟ್ಟಾಗ, ಸ್ಥಳೀಯರಾದ ಯುವ ಕೋಚ್ ಗೇವಿನ್ ಲೀ ಅವರಿಗೆ ತಾತ್ಕಾಲಿಕವಾಗಿ ಹೊಣೆ ವಹಿಸಿತು. ಅವರ ಅಡಿಯಲ್ಲೇ ತಂಡ ಮೊದಲ ಬಾರಿ ಅರ್ಹತಾ ಸುತ್ತು ಗೆದ್ದು ಏಷ್ಯನ್ ಕಪ್‌ಗೆ ಹೋಯಿತು. ಲೀ ಹಿಂದಿನ ಕೋಚ್‌ಗೆ ಸಹಾಯಕರಾಗಿದ್ದವರು, ತಂಡ ಅವರಿಗೆ ಹೊಸದಾಗಿರಲಿಲ್ಲ.

ಮೂವರ ಪಾಲು

ಸ್ಟಿಮ್ಯಾಚ್‌ಗೆ ಸಿಕ್ಕದ್ದು 2019ರಿಂದ ಐದು ವರ್ಷ. ಯಾವ ಕೋಚ್‌ಗೂ ಅದು ಚಿಕ್ಕ ಅವಧಿಯಲ್ಲ. ಶಿಬಿರದ ದಿನಗಳ ಬಗ್ಗೆ ಅವರು ಮಾಡಿದ ದೂರುಗಳಲ್ಲಿ ಹುರುಳಿತ್ತು. ಆದರೂ ಐದು ವರ್ಷಗಳ ಬಳಿಕ ಚೆಟ್ರಿಯ ಹೊರತು ಗೋಲಿನ ದಾರಿ ಕಾಣದ ತಂಡ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು ಎಂದು ನನ್ನ ಅಭಿಪ್ರಾಯ.

ಮಾರ್ಕೆಜ್ ವಿಷಯದಲ್ಲಿ ಮೊದಲು ಕೇಳಬೇಕಾದ್ದು ಫೆಡರೇಷನ್‌ನನ್ನು. ಕ್ಲಬ್ ಮತ್ತು ದೇಶ ಎರಡರ ಹೊಣೆಯನ್ನೂ ಒಬ್ಬರಿಗೆ ಒಂದೇ ಋತುವಿನಲ್ಲಿ ಒಪ್ಪಿಸುವ ತೀರ್ಮಾನ ಫೆಡರೇಷನ್‌ನದು. ಹಾಂಗ್‌ಕಾಂಗ್ ಪಂದ್ಯದ ಹೊತ್ತಿಗೆ ಮಾತ್ರ ಕ್ಲಬ್ ಋತು ಮುಗಿದಿತ್ತು, ಕೋಲ್ಕತ್ತದಲ್ಲಿ ಶಿಬಿರವೂ ನಡೆದಿತ್ತು. ಆ ಸೋಲಿಗೆ ದಿನಗಳ ಕೊರತೆಯ ನೆಪ ಪೂರ್ತಿ ಒಪ್ಪುವುದಿಲ್ಲ.

ಖಾಲಿದ್ ಜಮೀಲ್ ಬಂದಾಗ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ ಭಾರತದ ಬಳಿ ಎರಡು ಪಂದ್ಯಗಳಿಂದ ಇದ್ದದ್ದು ಒಂದೇ ಅಂಕ. 24 ತಂಡಗಳ, ಆರು ಗುಂಪುಗಳ ಆ ಸುತ್ತಿನಲ್ಲಿ ಪ್ರತಿ ಗುಂಪಿನ ಮೊದಲ ತಂಡಕ್ಕೆ ಮಾತ್ರ ಮುಂದಿನ ದಾರಿ. ಉಳಿದ ನಾಲ್ಕು ಪಂದ್ಯಗಳಲ್ಲಿ ಎಡವಲು ಜಾಗವೇ ಇರಲಿಲ್ಲ. ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ನಡೆದ ಮಧ್ಯ ಏಷ್ಯಾದ ಟೂರ್ನಿಯಲ್ಲಿ ತಜಿಕಿಸ್ತಾನವನ್ನು ಸೋಲಿಸಿ, ಒಮಾನ್ ಎದುರು ಶೂಟೌಟ್‌ನಲ್ಲಿ ಗೆದ್ದು ತಂಡ ಮೂರನೇ ಸ್ಥಾನ ಪಡೆದಿತ್ತು. ಸಿಂಗಪುರದಲ್ಲಿ ಸಂದೇಶ್ ಜಿಂಗಾನ್ ವಿರಾಮದ ಬೆನ್ನಿಗೇ ಕೆಂಪು ಕಾರ್ಡ್ ಪಡೆದರೂ ಹತ್ತು ಮಂದಿಯ ತಂಡ 90ನೇ ನಿಮಿಷದಲ್ಲಿ ರಹೀಮ್ ಅಲಿ ಗೋಲಿನಿಂದ 1–1 ಮಾಡಿಕೊಂಡಿತು. ಅದಾದ ಐದನೇ ದಿನ ಮಡಗಾಂವ್‌ನಲ್ಲಿ, ಮುನ್ನಡೆ ಸಿಕ್ಕ ಮೇಲೆ, ತವರಿನ ಜನರ ಮುಂದೆ ಆ ಮುನ್ನಡೆ ಕೈಬಿಟ್ಟಿತು. ಅರ್ಹತೆ ತಪ್ಪಿದ್ದರ ಪೂರ್ತಿ ಭಾರವನ್ನು ಜಮೀಲ್ ಮೇಲೆ ಹೊರಿಸಲಾಗುವುದಿಲ್ಲ. ಆ ದ್ವಿತೀಯಾರ್ಧಕ್ಕೆ ಉತ್ತರ ಕೊಡಬೇಕಾದವರು ಮಾತ್ರ ಅವರೇ.

ತೆಗೆಯುವುದಕ್ಕೂ ಬೆಲೆ ಇದೆ

ಮುಖ್ಯ ಕೋಚ್ ಹುದ್ದೆಗೆ ಬಂದ ಅರ್ಜಿಗಳನ್ನು ಫೆಡರೇಷನ್‌ನ ತಾಂತ್ರಿಕ ಸಮಿತಿ ಸೋಸಿ ಕೆಲವು ಹೆಸರುಗಳನ್ನು ಸೂಚಿಸುತ್ತದೆ, ಕಾರ್ಯಕಾರಿ ಸಮಿತಿ ಅಂತಿಮವಾಗಿ ಆಯ್ಕೆ ಮಾಡುತ್ತದೆ. ಅವಧಿ ಮುಗಿಯುವ ಮೊದಲೇ ಕಳುಹಿಸಿದರೆ ಪರಿಹಾರ ಕೊಡಬೇಕಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಸ್ಟಿಮ್ಯಾಚ್ ಒಪ್ಪಂದವನ್ನು 2026ರ ಜೂನ್‌ವರೆಗೆ ವಿಸ್ತರಿಸಲಾಗಿತ್ತು. ಎಂಟು ತಿಂಗಳಲ್ಲಿ ಅದೇ ಫೆಡರೇಷನ್ ಅವರನ್ನು ತೆಗೆದುಹಾಕಿತು, ವಿವಾದ ಬಗೆಹರಿಸಲು ನಾಲ್ಕು ಲಕ್ಷ ಡಾಲರ್ ಕೊಡಲು ಒಪ್ಪಿಕೊಂಡಿತು. ಆಗಿನ ದರದಲ್ಲಿ ಮೂರು ಕೋಟಿ ರೂಪಾಯಿಗೂ ಹೆಚ್ಚು. ಮಕ್ಕಳ ಲೀಗ್‌ಗಳಿಗೆ, ಜಿಲ್ಲಾ ಮಟ್ಟದ ತರಬೇತುದಾರರಿಗೆ ಹಣವಿಲ್ಲ ಎಂದು ಸದಾ ಕೇಳಿಬರುವ ದೇಶದಲ್ಲಿ ಇದು ಸಣ್ಣ ಮೊತ್ತವಲ್ಲ. ಒಪ್ಪಂದ ಬರೆಯುವಾಗ ಯಾವ ಫಲಿತಾಂಶ ಬಾರದಿದ್ದರೆ ಏನು ಎಂದು ಸ್ಪಷ್ಟವಾಗಿ ನಮೂದಿಸುವುದು ಫೆಡರೇಷನ್‌ನ ಕೆಲಸ, ಅದರ ಹೊಣೆಯೂ ಕೋಚ್‌ದಲ್ಲ.

ಮುಂದಿನ ಪಂದ್ಯ ನೋಡುವಾಗ ಈ ವಾದಕ್ಕೆ ಆಧಾರ ಬೇಕೆನಿಸಿದರೆ ಗಮನಿಸಬೇಕಾದ್ದು ಹೆಚ್ಚೇನಿಲ್ಲ. ತಂಡ ಎಷ್ಟು ದಿನ ಒಟ್ಟಿಗೆ ಇತ್ತು ಎಂಬುದು ಪತ್ರಿಕೆಗಳಲ್ಲಿ ಬರುತ್ತದೆ. ಮುಂಚೂಣಿಯಲ್ಲಿ ಇಳಿದವನು ತನ್ನ ಕ್ಲಬ್‌ನಲ್ಲಿ ಅದೇ ಜಾಗದಲ್ಲಿ ಆಡುತ್ತಾನೆಯೇ ಎಂದು ನೋಡಿ. ಗೋಲು ಬಿಟ್ಟುಕೊಟ್ಟ ಮುಂದಿನ ಹದಿನೈದು ನಿಮಿಷಗಳಲ್ಲಿ ತಂಡದ ಆಟದ ರೀತಿ ಬದಲಾಗುತ್ತದೆಯೇ, ಮೊದಲ ಬದಲಿ ಆಟಗಾರ ಯಾವ ನಿಮಿಷಕ್ಕೆ ಇಳಿದ, ಯಾರ ಜಾಗಕ್ಕೆ ಇಳಿದ ಎಂದು ಬರೆದಿಟ್ಟುಕೊಳ್ಳಿ. ಮೊದಲ ಎರಡಕ್ಕೆ ಉತ್ತರ ಹೇಳಬೇಕಾದವರು ಫೆಡರೇಷನ್ ಮತ್ತು ಕ್ಲಬ್‌ಗಳು, ಉಳಿದವುಗಳಿಗೆ ಕೋಚ್.